ಗಾಳಿಯಿಂದ ನೀರು ಕದ್ದವನು

ಆ ಶನಿವಾರ ನಮ್ಮ ಕಟ್ಟಡದಲ್ಲಿ ಮೊದಲು ಸಿಟ್ಟಿಗೆದ್ದದ್ದು ಒಂದು ಏರ್‌ಬ್ರಶ್. ಎರಡನೆಯದಾಗಿ ಅದರ ಮಾಲೀಕ. ಮೂರನೆಯವರು ಕೆಳಗಿನ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಮೇಲೆ ಲೆಕ್ಕ ಇಡುವುದು ಸಾಧ್ಯವಾಗಲಿಲ್ಲ. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಸಿಟ್ಟಾದವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಮಾಲೀಕನನ್ನು ಎಲ್ಲರೂ ಎಕ್ಸ್‌ಪರ್ಟ್ ಎಂದು ಕರೆಯುತ್ತಾರೆ. ಬಿರುದು ಕೊಟ್ಟವರು ಅವನ ಮಾವ, ಹೊಗಳುವುದಕ್ಕಾಗಿ ಕೊಟ್ಟದ್ದಲ್ಲ. ಮದುವೆಯಾದ ಹೊಸತರಲ್ಲಿ ಅವನು ತನ್ನ ಮನೆಯ ಕರೆಗಂಟೆಯನ್ನು ತಾನೇ ರಿಪೇರಿ ಮಾಡಿದ. ಅಂದಿನಿಂದ ಅವನ ಬಾಗಿಲಿನ ಗುಂಡಿ ಒತ್ತಿದರೆ ಗಂಟೆ ಎದುರು ಮನೆಯಲ್ಲಿ ಬಾರಿಸುತ್ತದೆ. ಎದುರು ಮನೆ ನನ್ನದು. ಹೀಗಾಗಿ ಅವನ ಮನೆಗೆ ಯಾರೇ ಬಂದರೂ ಮೊದಲು ನಾನೇ ಬಾಗಿಲು ತೆಗೆಯಬೇಕು, ಮುಂದಿನ ಸಂಗತಿಗಳಿಗೆ ಸಾಕ್ಷಿಯಾಗುವ ಯೋಗ ಬಂದದ್ದೂ ಅದರಿಂದಲೇ. ಕಣ್ಣಾರೆ ಕಾಣದ ಭಾಗವನ್ನು ಸಂಬಂಧಪಟ್ಟವರನ್ನು ಕೇಳಿ ಬರೆದಿದ್ದೇನೆ. ಇಬ್ಬರು ಹೇಳಿದ್ದು ತಾಳೆಯಾಗದಿದ್ದಾಗ ಅವನ ಹೆಂಡತಿ ಹೇಳಿದ್ದೇ ನಿಜ ಎಂದು ಹಿಡಿದಿದ್ದೇನೆ.

ಎಕ್ಸ್‌ಪರ್ಟ್‌ಗೆ ಸಿಟಿ ಬಸ್ ಡಿಪೋದಲ್ಲಿ ಕೆಲಸ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ವಸ್ತುಗಳನ್ನು ಕಾದಿಟ್ಟು, ಕೇಳಿಕೊಂಡು ಬಂದವರಿಗೆ ಕೊಡುವ ಕೌಂಟರ್ ಅವನದು. ನಿಯಮ ಸರಳವಾಗಿದೆ: ವಸ್ತುವಿನ ಎರಡು ಗುರುತು ಸರಿಯಾಗಿ ಹೇಳಿದವರಿಗೆ ವಸ್ತು ಕೊಡಬೇಕು. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಒಂದು ದಿನ ಮಳೆಯಲ್ಲಿ ಅಲ್ಲಿಗೆ ಛತ್ರಿ ಕೇಳಲು ಹೋಗಿದ್ದರು.

"ಗುರುತು ಹೇಳಿ ಸಾರ್," ಎಂದ ಎಕ್ಸ್‌ಪರ್ಟ್.

"ಕಪ್ಪು ಛತ್ರಿ."

"ಛತ್ರಿಗಳೆಲ್ಲ ಕಪ್ಪೇ ಸಾರ್. ಅದು ಗುರುತಲ್ಲ."

"ಹಿಡಿ ಮರದ್ದು ಕಣಯ್ಯ! ಅಗೋ, ನಿನ್ನ ಬೆನ್ನ ಹಿಂದೇನೇ ನೇತಾಡ್ತಿದೆ. ದಿನಾ ಮೆಟ್ಟಿಲ ಮೇಲೆ ನನ್ನನ್ನೂ ನೋಡ್ತೀಯ, ನನ್ನ ಛತ್ರೀನೂ ನೋಡ್ತೀಯ!"

"ನಿಮ್ಮ ಗುರುತು ಸಿಕ್ತು ಸಾರ್. ಛತ್ರೀದು ಒಂದೇ ಸಿಕ್ಕಿದೆ. ಇನ್ನೊಂದು ಹೇಳಿ."

ಕಾರ್ಯದರ್ಶಿ ಛತ್ರಿಯನ್ನು ಅಲ್ಲೇ ಬಿಟ್ಟು ನೆನೆಯುತ್ತ ಮನೆಗೆ ಬಂದರು. ಬಟ್ಟೆ ಅಂದೇ ಒಣಗಿತು. ಸಿಟ್ಟು ಒಣಗಲಿಲ್ಲ.

ಎಕ್ಸ್‌ಪರ್ಟ್‌ನ ಮಾವ ಅದೇ ಡಿಪೋದ ನಿವೃತ್ತ ಡ್ರೈವರ್. ಹದಿನಾಲ್ಕನೇ ನಂಬರಿನ ಬಸ್ಸನ್ನು ಅವರು ಓಡಿಸುತ್ತಿದ್ದ ಕಾಲದಲ್ಲಿ ದಾರಿಯ ನಾಯಿಗಳೂ ಅವರ ಹಾರನ್ ಕೇಳಿ ಬಾಲ ಮಡಚಿಕೊಳ್ಳುತ್ತಿದ್ದವು ಎನ್ನುತ್ತಾರೆ. ಡಿಪೋದಲ್ಲಿ ಅವರಿಗೆ ಈಗಲೂ ಮರ್ಯಾದೆ ಇದೆ. ತಿಂಗಳಿಗೊಮ್ಮೆ ಬಂದು ಎಲ್ಲರನ್ನೂ ಬೈದು ಹೋಗುತ್ತಾರೆ. ಯಾರೂ ತಿರುಗಿ ಮಾತಾಡುವುದಿಲ್ಲ. ಆದರೆ ಅದೇ ಡಿಪೋದಲ್ಲಿ ಕೂತ ಎಕ್ಸ್‌ಪರ್ಟ್ ತಮಗೆ ಏನಾಗಬೇಕು ಎಂದು ಅವರು ಒಂದು ಸಲವೂ ಬಾಯಿಬಿಟ್ಟಿಲ್ಲ. "ಆ ಕೌಂಟರಿನವನು" ಎನ್ನುತ್ತಾರೆ. ಹೊಸದಾಗಿ ಬಂದ ಕಂಡಕ್ಟರುಗಳಿಗೆ ಇಬ್ಬರ ನಡುವೆ ಹಳೇ ಜಗಳವಿದೆ ಎಂದಷ್ಟೇ ಗೊತ್ತು. ಆ ಬಾಯಿಂದ ಆ ಅಂಗಳದಲ್ಲಿ "ಇವನು ನನ್ನ ಅಳಿಯ" ಎಂಬ ಮಾತು ಒಮ್ಮೆ ಬರಬೇಕು ಎಂಬುದು ಎಕ್ಸ್‌ಪರ್ಟ್‌ನ ಬದುಕಿನ ಏಕೈಕ ಮಹತ್ವಾಕಾಂಕ್ಷೆ. ಬಡ್ತಿ ಸಿಗದಿದ್ದಾಗಲೂ ಅವನು ಇಷ್ಟು ಕೊರಗಿರಲಿಲ್ಲ.

ಅವಕಾಶ ತಾನಾಗಿ ಬಂತು. ಹದಿನಾಲ್ಕನೇ ನಂಬರಿನ ಹಳೇ ಬಸ್ಸನ್ನು ಗುಜರಿಗೆ ಹಾಕುವುದು ಎಂದಾಯಿತು. ಸೋಮವಾರ ಬೆಳಿಗ್ಗೆ ಅದಕ್ಕೊಂದು ಬೀಳ್ಕೊಡುಗೆ. ಅದರ ಪುಟ್ಟ ಮಾದರಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಚೆನ್ನಾಗಿರುತ್ತದೆ ಎಂದು ಮ್ಯಾನೇಜರ್ ಹೇಳಿದರು. ರಟ್ಟು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಆಟಿಕೆ ವಾಹನ ಮಾಡುವ ಹವ್ಯಾಸವಿದ್ದ ಎಕ್ಸ್‌ಪರ್ಟ್ ಕೂತಲ್ಲಿಂದ ಎದ್ದು ನಿಂತು, "ನಾನು ಮಾಡಿಕೊಡ್ತೀನಿ ಸಾರ್. ಏರ್‌ಬ್ರಶ್ ಫಿನಿಶಿಂಗ್!" ಎಂದ. ಏರ್‌ಬ್ರಶ್ ಎಂದರೇನು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಅದನ್ನು ಕೊಂಡದ್ದು ಹಿಂದಿನ ವಾರ.

ಸುದ್ದಿ ಮಾವನಿಗೆ ಮುಟ್ಟಿತು. ಫೋನ್ ಬಂತು.

"ಅದು ನನ್ನ ಬಸ್ಸು. ನಿನ್ನ ಕರೆಗಂಟೆ ಅಲ್ಲ," ಎಂದರು ಮಾವ. "ಅದರ ಮೈಮೇಲೆ ಏನಾದ್ರೂ ನಿನ್ನ ಎಕ್ಸ್‌ಪರ್ಟ್‌ತನ ತೋರಿಸಿದೆಯೋ, ನಾಳೆಯಿಂದ ನನ್ನನ್ನ ಮಾವ ಅಂತ ಕರೀಬೇಡ. ಶನಿವಾರ ಬಂದು ನೋಡ್ತೀನಿ."

ಶನಿವಾರದ ಹೊತ್ತಿಗೆ ಬಸ್ಸು ತಯಾರಾಗಿತ್ತು. ಮೇಲ್ಭಾಗಕ್ಕೆ ಕೆನೆ ಬಣ್ಣ ಕೂತಿತ್ತು. ಕೆಳಗಿನ ಅರ್ಧಕ್ಕೆ ಇಟ್ಟಿಗೆ ಕೆಂಪು ಬಾಕಿ.

ಏರ್‌ಬ್ರಶ್ ಪೆನ್ನಿನ ಗಾತ್ರದ ಉಪಕರಣ. ತಲೆಯ ಮೇಲೆ ಬಣ್ಣ ಹಾಕುವ ಪುಟ್ಟ ಬಟ್ಟಲು, ಒಳಗೆ ಉದ್ದನೆಯ ಸೂಜಿ, ಮೂತಿಗೆ ಅಕ್ಕಿಕಾಳಿನಷ್ಟು ಚಿಕ್ಕ ನಾಝಲ್. ಕಂಪ್ರೆಸರಿನಿಂದ ಗಾಳಿ ಬಂದು ಬಣ್ಣವನ್ನು ಮಂಜಿನಂತೆ ಊದುತ್ತದೆ. ಊದದಿದ್ದರೆ ಹುಡುಕುವುದಕ್ಕೆ ಕ್ರಮವಿದೆ. ಬಣ್ಣ ಗಟ್ಟಿಯಾಗಿದೆಯೇ ನೋಡಬೇಕು. ಸೂಜಿಯ ತುದಿಯಲ್ಲಿ ಒಣಗಿದೆಯೇ ನೋಡಬೇಕು. ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಝಲ್ ಕಟ್ಟಿದೆ ಅಥವಾ ಸಡಿಲವಾಗಿದೆ ಎಂದು ತಿಳಿಯಬೇಕು. ಮುಖ್ಯವಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಅವತ್ತು ಬಣ್ಣ ಮಂಜಾಗಲಿಲ್ಲ. ಹಳೇ ಪೇಪರಿನ ಮೇಲೆ ಹನಿಹನಿಯಾಗಿ ಚಿಮ್ಮಿತು. ಬಟ್ಟಲಿನಲ್ಲಿ ಗುಳ್ಳೆ ಎದ್ದವು. ಎಕ್ಸ್‌ಪರ್ಟ್ ಬಣ್ಣ ತೆಳು ಮಾಡಿದ, ಗಾಳಿ ಏರಿಸಿದ, ಸೂಜಿ ಎಳೆದ, ಮತ್ತೆ ತುರುಕಿದ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಏರ್‌ಬ್ರಶ್ ಇನ್ನೂ ಜೋರಾಗಿ ಚಿಮ್ಮಿತು.

"ಊದೋ ಅಂದ್ರೆ ಮುಖಕ್ಕೆ ಉಗೀತೀಯಾ? ನನ್ನ ಮನೇಲಿದ್ದು ನನಗೇ ಉಗೀತೀಯಾ?" ಎಂದು ಅವನು ಕೂಗಿದ.

ಕಂಪ್ರೆಸರ್ ಗುರ್ರ್ ಎನ್ನುತ್ತಿತ್ತು. ಕೆಳಗಿನ ಮನೆಯಲ್ಲಿ ಹೆಡ್‌ಮಿಸ್ಟ್ರೆಸ್ ತಲೆ ಎತ್ತಿ ಸೂರು ನೋಡಿದರು. ಗುರ್ರ್ ಎಂಬ ಸದ್ದು, ಅದರ ಮೇಲೆ "ಉಗೀತೀಯಾ" ಎಂಬ ಕೂಗು. ಗಂಡ ಹೆಂಡತಿಯ ಜಗಳ ಎಂದುಕೊಂಡು ಅವರು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡರು.

ಕೊನೆಗೆ ಎಕ್ಸ್‌ಪರ್ಟ್ ಪುಟ್ಟ ಸ್ಪ್ಯಾನರಿನಿಂದ ನಾಝಲ್ ಬಿಚ್ಚಿ, ಸ್ಟೀಲ್ ಲೋಟದಲ್ಲಿ ಶುಚಿ ಮಾಡುವ ದ್ರಾವಣ ಹಾಕಿ ಅದರಲ್ಲಿ ನೆನೆಸಿದ. ಇದು ಸರಿಯಾದ ಕೆಲಸ. ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ದ್ರಾವಣದ ಹೊಸ ಬಾಟಲಿ ತರಲು ಅಂಗಡಿಗೆ ಹೋದ. ಇದು ತಪ್ಪು ಕೆಲಸ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಅರ್ಧ ದಿನದ ಡ್ಯೂಟಿಗೆ ಹೊರಟಿದ್ದವಳು, ಕಟ್ಟೆಯ ಮೇಲೆ ಕೊಳಕು ನೀರಿನ ಲೋಟ ಕಂಡಳು. ಅವನು ವಾಪಸು ಬಂದಾಗ ಅವಳಿರಲಿಲ್ಲ. ಲೋಟ ತೊಳೆದು ಬೋರಲಾಗಿತ್ತು.

ಕಳೆದುಹೋದ ವಸ್ತುಗಳನ್ನು ಕಾಯುವ ಮನುಷ್ಯ ತನ್ನ ವಸ್ತು ಕಳೆದುಕೊಂಡು ನಿಂತ. "ಸಿಂಕು!" ಎಂದು ಒಬ್ಬನೇ ಕೂಗಿದ. ಹೆಂಡತಿಗೆ ಒಂದು ಫೋನ್ ಮಾಡಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸಿಟ್ಟು ಬಂದವನು ಕೇಳಿ ತಿಳಿಯುವುದಿಲ್ಲ, ಬಿಚ್ಚಿ ತಿಳಿಯುತ್ತಾನೆ.

ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನಾಝಲ್ ಕೂತಿರಬೇಕು ಎಂದು ಅವನು ತೀರ್ಮಾನಿಸಿದ. ಪೈಪು ಬಿಚ್ಚುವ ಮೊದಲು ನೀರು ನಿಲ್ಲಿಸಬೇಕು ಎಂದುಕೊಂಡು ಹೊರಗಿನ ಪೈಪುಗಳ ಗೂಡಿನಲ್ಲಿ ಕೈಗೆ ಸಿಕ್ಕ ವಾಲ್ವನ್ನು ಬಲವಾಗಿ ತಿರುಗಿಸಿ ಮುಚ್ಚಿದ. ಇಲ್ಲಿ ಎರಡು ಸಂಗತಿ ಹೇಳಬೇಕು. ಕೊಳೆನೀರು ಹೋಗುವ ಪೈಪು ಬಿಚ್ಚಲು ಯಾವ ವಾಲ್ವನ್ನೂ ಮುಚ್ಚಬೇಕಿಲ್ಲ. ನಲ್ಲಿ ತಿರುಗಿಸದಿದ್ದರೆ ಸಾಕು. ಮತ್ತು ಅವನು ಮುಚ್ಚಿದ್ದು ತನ್ನ ಸಿಂಕಿನದಲ್ಲ. ನಮ್ಮದು ಮೇಲಿನ ಮಹಡಿ. ತಾರಸಿಯ ಟ್ಯಾಂಕಿನಿಂದ ಅವನ ಸಾಲಿನ ಎಲ್ಲ ಮನೆಗಳಿಗೂ ಇಳಿಯುವ ಪೈಪಿನ ವಾಲ್ವ್ ಅದು.

ಬಾಗಿದ ಪೈಪು ಬಿಚ್ಚಿದ. ಬಕೆಟ್ಟಿಗೆ ಕೆಸರು ಬಿತ್ತು, ನಾಝಲ್ ಬೀಳಲಿಲ್ಲ. ಮುಂದಕ್ಕೆ ಹೋಗಿರಬೇಕು ಎಂದು ಗೋಡೆಯೊಳಗಿನ ಪೈಪಿಗೆ ಕಂಪ್ರೆಸರಿನ ಟ್ಯೂಬು ತೂರಿಸಿ ಗಾಳಿ ಬಿಟ್ಟ. ಗುರ್ರ್ ಮತ್ತೆ ಶುರುವಾಯಿತು. ಗೋಡೆಯೊಳಗಿನ ಕೊಳೆ ಹಿಂದಕ್ಕೆ ಹಾರಿ ಅವನ ಮುಖಕ್ಕೆ ಬಡಿಯಿತು. ತೊಳೆದುಕೊಳ್ಳಲು ಸಿಂಕಿನ ನಲ್ಲಿ ತಿರುಗಿಸಿದ. ನೀರಿಲ್ಲ. ಅದನ್ನು ಹಾಗೆಯೇ ಬಿಟ್ಟು ಬಚ್ಚಲಿಗೆ ಓಡಿದ. ಅಲ್ಲೂ ಇಲ್ಲ.

ತಾನು ಈಗಷ್ಟೇ ತಿರುಗಿಸಿದ ವಾಲ್ವಿಗೂ ಈ ಒಣ ನಲ್ಲಿಗಳಿಗೂ ಸಂಬಂಧ ಇರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಅವನ ಪ್ರಕಾರ ಅವನು ಮುಚ್ಚಿದ್ದು ಸಿಂಕಿನದನ್ನು. ಸಿಂಕಿನಲ್ಲಿ ನೀರಿಲ್ಲದ್ದು ನ್ಯಾಯ. ಬಚ್ಚಲಿನಲ್ಲಿ ನೀರಿಲ್ಲದ್ದು ಅನ್ಯಾಯ.

ಅವನು ಕಾರ್ಯದರ್ಶಿಗೆ ಫೋನ್ ಮಾಡಿದ.

"ಸಾರ್, ನೀರಿಲ್ಲ!"

"ನಮ್ಮನೇಲೂ ಇಲ್ಲ ಕಣ್ರೀ. ತಲೆಗೆ ಸೋಪು ಹಚ್ಕೊಂಡು ನಿಂತಿದೀನಿ."

"ಹಚ್ಕೊಂಡು ಸುಮ್ನೆ ನಿಂತಿದೀರಲ್ಲ! ಟ್ಯಾಂಕು ತುಂಬಿದೆ, ನಲ್ಲಿ ಒಣಗಿದೆ ಅಂದ್ರೆ ಏನರ್ಥ? ಯಾರೋ ಮನೆಯೊಳಗೆ ಕಳ್ಳ ಮೋಟರ್ ಇಟ್ಟು ಎಳೀತಿದಾರೆ. ಮನೆಮನೆ ತಪಾಸಣೆ ಮಾಡಿ. ಯಾರ ಮುಖಾನೂ ನೋಡಬೇಡಿ. ನೀರಿನ ಇಲಾಖೆಗೆ ನಾನೇ ದೂರು ಕೊಡ್ತೀನಿ!"

ಕೊಟ್ಟ. ಇಲಾಖೆಯವರು ದೂರು ಬಂದ ದಿನವೇ ಬಂದ ಉದಾಹರಣೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಅವತ್ತು ಅವರ ಇನ್‌ಸ್ಪೆಕ್ಟರ್ ಪಕ್ಕದ ಬೀದಿಯಲ್ಲೇ ಇದ್ದರು.

ಅಷ್ಟರಲ್ಲಿ ಕಾರ್ಯದರ್ಶಿ ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಬಳಿ ಮೋಟರಿನ ವಿಷಯ ಸಾರಿದರು. ಹೆಡ್‌ಮಿಸ್ಟ್ರೆಸ್ ಬಾಗಿಲು ತೆರೆದರು.

"ಮೋಟರಾ? ನನ್ನ ತಲೆ ಮೇಲೆ ಬೆಳಿಗ್ಗೆಯಿಂದ ಗುರ್ರ್ ಅಂತಿದೆಯಲ್ಲ, ಅದಾ?"

ಎಲ್ಲರೂ ಒಟ್ಟಿಗೆ ಮೇಲೆ ನೋಡಿದರು. ಗುರ್ರ್ ಎಂದಿತು.

ನನ್ನ ಮನೆಯ ಗಂಟೆ ಬಾರಿಸಿತು. ಬಾಗಿಲು ತೆಗೆದರೆ ಅರ್ಧ ಕಟ್ಟಡ ನಿಂತಿದೆ. "ನೀವಲ್ಲ," ಎಂದರು ಎಲ್ಲರೂ ಸಿಟ್ಟಿನಿಂದ. ನಾನೂ ಅವರ ಹಿಂದೆ ಎಕ್ಸ್‌ಪರ್ಟ್‌ನ ಮನೆಗೆ ನುಗ್ಗಿದೆ.

ಎಕ್ಸ್‌ಪರ್ಟ್‌ಗೆ ಸಂತೋಷವಾಯಿತು. "ಬನ್ನಿ ಬನ್ನಿ. ತಪಾಸಣೆ ನಮ್ಮ ಮನೆಯಿಂದ್ಲೇ ಶುರು ಮಾಡಿ. ನನಗೇನೂ ಬೇಜಾರಿಲ್ಲ," ಎಂದ.

ಇನ್‌ಸ್ಪೆಕ್ಟರ್ ಮುಂದೆ ಬಂದರು. ಬಿಳಿ ಶರ್ಟು, ಕಂಕುಳಲ್ಲಿ ಚೀಲ, ಯಾರನ್ನೂ ನಂಬದ ಮುಖ.

"ದೂರು ಕೊಟ್ಟವರು ಯಾರು?"

"ನಾನೇ ಸಾರ್!"

"ಯಾರ ಮೇಲೆ ಅನುಮಾನ?"

"ಅವರ ಮೇಲೇ," ಎಂದು ಕಾರ್ಯದರ್ಶಿ ಎಕ್ಸ್‌ಪರ್ಟ್‌ನನ್ನು ತೋರಿಸಿದರು.

"ಒಳ್ಳೇದಾಯ್ತು. ಎರಡು ಕಡೆ ಓಡಾಡೋದು ತಪ್ತು," ಎಂದರು ಇನ್‌ಸ್ಪೆಕ್ಟರ್.

ಅವರು ಅಡುಗೆಮನೆಗೆ ಹೋಗಿ ಬಗ್ಗಿ ನೋಡಿದರು. ನೆಟ್ಟಗಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಪೈಪು ಬಿಚ್ಚಿದೆ. ಪಕ್ಕದಲ್ಲಿ ಯಂತ್ರ ಇದೆ. ಯಂತ್ರದ ಟ್ಯೂಬು ಪೈಪಿನೊಳಗಿದೆ. ನನ್ನ ಸರ್ವಿಸಲ್ಲಿ ಇಷ್ಟು ಅಚ್ಚುಕಟ್ಟಾದ ಕೇಸು ನೋಡಿಲ್ಲ."

"ಅದು ಎಳೆಯೋದಲ್ಲ ಸಾರ್, ಊದೋದು! ಕಂಪ್ರೆಸರ್! ಬರೀ ಗಾಳಿ!"

"ಬರೀ ಗಾಳಿ?" ಕಾರ್ಯದರ್ಶಿಯ ಕಣ್ಣು ಹೊಳೆಯಿತು. ಅವರು ಕಂಪ್ರೆಸರಿನ ಪಕ್ಕದ ಪುಟ್ಟ ಗಾಜಿನ ಬುರುಡೆಗೆ ಬೆರಳಿಟ್ಟರು. "ಹಾಗಾದ್ರೆ ಇದರೊಳಗೆ ಇರೋದೇನು?"

ಬುರುಡೆಯ ತಳದಲ್ಲಿ ಎರಡು ಚಮಚದಷ್ಟು ನೀರಿತ್ತು.

ಸತ್ಯ ಹೇಳಬೇಕೆಂದರೆ ಅದು ಇರಲೇಬೇಕಾದ ನೀರು. ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ಹನಿಯಾಗುತ್ತದೆ. ಆ ಹನಿ ಬಣ್ಣಕ್ಕೆ ಸೇರದಂತೆ ಹಿಡಿಯುವುದೇ ಬುರುಡೆಯ ಕೆಲಸ. ದಿನಾ ಖಾಲಿ ಮಾಡಬೇಕು. ಎಕ್ಸ್‌ಪರ್ಟ್ ಮಾಡಿರಲಿಲ್ಲ.

"ಅದು ಗಾಳಿಯಲ್ಲಿರೋ ನೀರು ಸಾರ್," ಎಂದ ಅವನು.

ಹೆಡ್‌ಮಿಸ್ಟ್ರೆಸ್ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ, ಕೇಳಿದ್ರಾ? ಪೈಪಿಂದು ಸಾಲದು ಅಂತ ಗಾಳಿಯಿಂದ್ಲೂ ನೀರು ಹಿಂಡ್ತಿದಾನೆ! ಅದಕ್ಕೇ ನನ್ನ ಚರ್ಮ ಈ ಪಾಟಿ ಒಣಗ್ತಿರೋದು!"

"ಯಂತ್ರ ಜಪ್ತಿ," ಎಂದರು ಇನ್‌ಸ್ಪೆಕ್ಟರ್.

"ಜಪ್ತಿನಾ? ಸಾರ್, ಸೋಮವಾರ ನನ್ನ ಬಸ್ಸು!" ಎಂದು ಎಕ್ಸ್‌ಪರ್ಟ್ ಕಂಪ್ರೆಸರನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಬಸ್ಸಲ್ಲಿ ತಪ್ಪಿಸ್ಕೊಂಡು ಹೋಗೋ ಪ್ಲಾನು ಬೇರೆ," ಎಂದರು ಕಾರ್ಯದರ್ಶಿ.

ಈ ಹಂತದಲ್ಲಿ ಡ್ಯೂಟಿ ಮುಗಿಸಿ ಹೆಂಡತಿ ಬಂದಳು. ಅವಳ ಹತ್ತಿರ ಬೀಗದ ಕೈ ಇದ್ದುದರಿಂದ ನನ್ನ ಗಂಟೆ ಬಾರಿಸಲಿಲ್ಲ. ಮನೆ ತುಂಬ ಜನ, ನೆಲದ ಮೇಲೆ ಕೆಸರು, ಗಂಡನ ಅಪ್ಪುಗೆಯಲ್ಲಿ ಕಂಪ್ರೆಸರ್. ಅವಳು ಕೈಚೀಲವನ್ನೂ ಇಳಿಸಲಿಲ್ಲ.

"ರೀ. ಏನಿದು?"

"ನೀನೇ ಮಾಡಿದ್ದು ಕಣೇ!" ಎಂದು ಗಂಡ ಅಬ್ಬರಿಸಿದ. "ನಾಝಲನ್ನ ಸಿಂಕಿಗೆ ಚೆಲ್ಲಿ ಹೋದೆಯಲ್ಲ, ಅದಕ್ಕೇ ಇಷ್ಟೆಲ್ಲ!"

"ಸಿಂಕಿಗಾ? ದಿನ ಬಿಟ್ಟು ದಿನ ನೀರಿನ ರಗಳೆ ಇರುವಾಗ ಯಾರಾದ್ರೂ ಸಿಂಕಿಗೆ ಚೆಲ್ತಾರಾ? ಕಿಟಕಿ ಹತ್ರದ ಗಿಡಕ್ಕೆ ಹಾಕಿದೆ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಗಿಡ ತಲೆ ಬಾಗಿಸಿಕೊಂಡು ನಿಂತಿತ್ತು. ಬೆಳಿಗ್ಗೆ ಅದು ಹಾಗಿರಲಿಲ್ಲವಂತೆ. ಕುಂಡದ ಮಣ್ಣಿನ ಮೇಲೆ ನಾಝಲ್ ಹಿತ್ತಾಳೆ ಬಣ್ಣದಲ್ಲಿ ಮಿನುಗುತ್ತಿತ್ತು.

ಎಕ್ಸ್‌ಪರ್ಟ್ ಅದನ್ನು ಎತ್ತಿ ಹಿಡಿದ. "ಈಗ ತೋರಿಸ್ತೀನಿ ಎಲ್ಲರಿಗೂ! ಇದು ಮೋಟರೋ, ಏರ್‌ಬ್ರಶ್ಶೋ, ನಿಮ್ಮ ಕಣ್ಣಲ್ಲೇ ನೋಡಿ!"

ಸಿಟ್ಟಿನಲ್ಲೇ ನಾಝಲ್ ಒರೆಸಿ ತಿರುಗಿಸಿ ಕೂರಿಸಿದ. ಸಿಟ್ಟಿನಲ್ಲೇ ಸೂಜಿ ಹಾಕಿದ. ಬಟ್ಟಲಿನ ತುಂಬ ಇಟ್ಟಿಗೆ ಕೆಂಪು ಸುರಿದ. ಕಂಪ್ರೆಸರ್ ಚಾಲೂ ಮಾಡಿದ. ಮೇಜಿನ ಮೇಲೆ ಅರ್ಧ ಬಣ್ಣದ ಬಸ್ಸು. ಸುತ್ತ ಇನ್‌ಸ್ಪೆಕ್ಟರ್, ಕಾರ್ಯದರ್ಶಿ, ಹೆಡ್‌ಮಿಸ್ಟ್ರೆಸ್, ಮಿಕ್ಕವರು.

ಅಷ್ಟರಲ್ಲಿ ನನ್ನ ಗಂಟೆ ಬಾರಿಸಿತು. ಹೊರಗೆ ಓಡಿದೆ. ಮಾವ ನಿಂತಿದ್ದರು.

"ನೀನಲ್ಲ," ಎಂದರು ಅವರು. "ಆ ಬೆಲ್ಲು ಇನ್ನೂ ಸರಿ ಮಾಡಿಲ್ವಾ ಆ ಮಹಾನುಭಾವ?"

ನಾವಿಬ್ಬರೂ ಒಳಗೆ ಬರುವುದಕ್ಕೂ ಎಕ್ಸ್‌ಪರ್ಟ್ ಏರ್‌ಬ್ರಶ್ಶಿನ ಗುಂಡಿ ಒತ್ತುವುದಕ್ಕೂ ಸರಿಹೋಯಿತು. ಏನೂ ಬರಲಿಲ್ಲ. ಮೂತಿಯಲ್ಲಿ ಕಟ್ಟಿಕೊಂಡ ಬಣ್ಣವನ್ನು ಸಡಿಲಿಸಲು ಒಂದು ಉಪಾಯವಿದೆ: ಮೂತಿಯನ್ನು ಬೆರಳಿನಿಂದ ಮುಚ್ಚಿ ಮೆಲ್ಲಗೆ ಗಾಳಿ ಬಿಟ್ಟರೆ ಅದು ಹಿಂದಕ್ಕೆ ಹೋಗಿ ಕಸವನ್ನು ಬಟ್ಟಲಿಗೆ ತಳ್ಳುತ್ತದೆ. ಇದನ್ನು ಬಟ್ಟಲಿನಲ್ಲಿ ನಾಲ್ಕು ಹನಿ ದ್ರಾವಣವಿಟ್ಟು ಮಾಡಬೇಕು. ಅಂಚಿನವರೆಗೆ ಬಣ್ಣ ತುಂಬಿ, ಗಾಳಿ ಪೂರ್ತಿ ಏರಿಸಿ, ಸರ್ಕಾರಿ ಅಧಿಕಾರಿಯ ಮುಂದೆ ಮಾಡಬಾರದು.

ಬಟ್ಟಲು ಕಾರಂಜಿಯಾಯಿತು. ಇನ್‌ಸ್ಪೆಕ್ಟರ್ ಅವರ ಬಿಳಿ ಶರ್ಟು ಇಟ್ಟಿಗೆ ಕೆಂಪಾಯಿತು. ಕಾರ್ಯದರ್ಶಿಯ ಟವೆಲ್ಲಿಗೂ ಮೂಗಿಗೂ ಪಾಲು ಸಿಕ್ಕಿತು. ಉಳಿದದ್ದು ಸಣ್ಣ ಸಣ್ಣ ಚುಕ್ಕೆಯಾಗಿ ಬಸ್ಸಿನ ಹಿಂಭಾಗದ ಕೆನೆ ಬಣ್ಣದ ಮೇಲೆ ಕೂತಿತು.

"ಕರ್ತವ್ಯಕ್ಕೆ ಅಡ್ಡಿ!" ಎಂದರು ಇನ್‌ಸ್ಪೆಕ್ಟರ್.

"ಕಳ್ಳ! ನನ್ನ ಛತ್ರಿ ಆಯ್ತು, ಈಗ ನೀರು!" ಎಂದರು ಕಾರ್ಯದರ್ಶಿ.

ಕಳ್ಳ ಎಂಬ ಮಾತು ಎಕ್ಸ್‌ಪರ್ಟ್‌ಗೆ ನಾಟಿತು. ಮಾವನ ಎದುರಿಗೇ ಬಿದ್ದ ಮಾತು. ಅವನು ಏರ್‌ಬ್ರಶ್ಶನ್ನು ಎತ್ತಿ ಹಿಡಿದು ಭಾಷಣ ಮಾಡಿದ. "ಯಾರಿಗೆ ಕಳ್ಳ ಅಂತೀರಿ? ಊರವರ ವಸ್ತು ಕಾಯೋ ಮನುಷ್ಯ ನಾನು! ನನ್ನಷ್ಟು ಜವಾಬ್ದಾರಿ ಈ ಕಟ್ಟಡದಲ್ಲಿ ಯಾರಿಗಿದೆ? ಪೈಪು ಬಿಚ್ಚುವಾಗ ಒಂದು ತೊಟ್ಟು ನೀರೂ ಹಾಳಾಗಬಾರದು ಅಂತ ಮೊದಲು ಹೋಗಿ ವಾಲ್ವ್ ಮುಚ್ಚಿ ಬಂದೋನು ಕಣ್ರೀ ನಾನು!"

ಹೆಡ್‌ಮಿಸ್ಟ್ರೆಸ್ ಕನ್ನಡಕ ಸರಿಮಾಡಿಕೊಂಡರು. ಧ್ವನಿ ತಗ್ಗಿಸಿದರು. ಅವರ ಹಳೇ ವಿದ್ಯಾರ್ಥಿಗಳು ಆ ಧ್ವನಿಗೆ ಈಗಲೂ ಬೆವರುತ್ತಾರಂತೆ.

"ಒಂದು ಪ್ರಶ್ನೆ ಕೇಳ್ತೀನಿ. ಸುತ್ತಿ ಬಳಸಬೇಡ, ನೇರವಾಗಿ ಹೇಳು. ಯಾವ ವಾಲ್ವು?"

"ಹೊರಗಡೆದು ಟೀಚರ್. ಸಿಂಕಿಂದು. ದೊಡ್ಡದು, ಕೆಂಪು ಚಕ್ರ..."

ಮಾತು ಅಲ್ಲಿಗೆ ನಿಂತಿತು. ಸಿಂಕಿಗೆ ಅಷ್ಟು ದೊಡ್ಡ ವಾಲ್ವ್ ಯಾಕೆ ಎಂಬ ಪ್ರಶ್ನೆ ಅವನ ಮುಖದ ಮೇಲೆ ಬೆಳಗಾದಂತೆ ನಿಧಾನವಾಗಿ ಮೂಡಿತು.

ಕಾರ್ಯದರ್ಶಿ ಹೊರಗೆ ಹಾರಿದರು. ಚಕ್ರ ಕಿರುಗುಟ್ಟಿದ್ದು ಒಳಗೆ ಕೇಳಿಸಿತು. ಬೆಳಿಗ್ಗೆಯಿಂದ ನೀರಿಗಾಗಿ ಕಾದವರೆಲ್ಲ ತಮ್ಮ ಮನೆಯ ನಲ್ಲಿಗಳನ್ನು ತೆರೆದೇ ಬಂದಿದ್ದರು. ನೀರು ಅಷ್ಟೂ ಮನೆಗಳಿಗೆ ಏಕಕಾಲಕ್ಕೆ ಇಳಿಯಿತು. ಎಕ್ಸ್‌ಪರ್ಟ್‌ನ ಸಿಂಕಿಗೂ ಬಂತು. ಸಿಂಕಿಗೆ ಕೆಳಗೆ ಪೈಪಿರಲಿಲ್ಲ. ಬಕೆಟ್ಟು ತುಂಬಿತು, ನೆಲ ತುಂಬಿತು. "ನನ್ನ ಮನೆ! ನನ್ನ ಸೂರು!" ಎಂದು ಹೆಡ್‌ಮಿಸ್ಟ್ರೆಸ್ ವಯಸ್ಸು ಮರೆತು ಓಡಿದರು. 'ಅಯ್ಯೋ' 'ಅಯ್ಯೋ' ಎಂಬ ಕೂಗು ಒಂದೊಂದೇ ಮಹಡಿ ಇಳಿದು ಹೋಯಿತು. ಎಕ್ಸ್‌ಪರ್ಟ್‌ನ ಹೆಂಡತಿ ಹೋಗಿ ಸಿಂಕಿನ ನಲ್ಲಿ ನಿಲ್ಲಿಸಿದಳು.

ಇನ್‌ಸ್ಪೆಕ್ಟರ್ ಕಣಕಾಲಿನ ತನಕ ನೀರಿನಲ್ಲಿ ನಿಂತಿದ್ದರು. "ನೀರು ಬಂದಿದೆ. ದೂರು ಇತ್ಯರ್ಥ," ಎಂದರು. "ಶರ್ಟಿನ ವಿಷಯ ಬೇರೆ ನೋಡ್ತೀನಿ," ಎಂದು ಸೇರಿಸಿ, ಚಪ್ ಚಪ್ ಎಂದು ಹೆಜ್ಜೆ ಹಾಕುತ್ತ ಹೊರಟುಹೋದರು.

ಕಾರ್ಯದರ್ಶಿ ವಾಪಸು ಬಂದರು. ಸೋಪು, ಬಣ್ಣ, ಸಿಟ್ಟು ಮೂರೂ ಸೇರಿ ಅವರ ಮುಖ ಗುರುತು ಸಿಗುವಂತಿರಲಿಲ್ಲ.

"ಇಂಥ ದಡ್ಡನನ್ನ ನಾನು ಹುಟ್ಟಿದ ಮೇಲೆ ನೋಡಿಲ್ಲ! ಇವನನ್ನ ಈ ಕಟ್ಟಡದಿಂದ್ಲೇ ಆಚೆ ಹಾಕ್ಬೇಕು!"

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಮಾವ ಒಂದು ಹೆಜ್ಜೆ ಮುಂದೆ ಬಂದರು.

"ಏಯ್, ಟವೆಲ್ಲು. ಇವನನ್ನ ದಡ್ಡ ಅನ್ನೋಕೆ ನೀನ್ಯಾರು?"

"ಅಂದ್ರೆ... ನೀವೇ ನೋಡಿದ್ರಲ್ಲ ಸಾರ್..."

"ನೋಡಿದೆ. ದಡ್ಡನೇ. ಆದ್ರೆ ಅದನ್ನ ಹೇಳೋ ಕೆಲಸ ನಂದು. ಮದುವೆ ದಿನದಿಂದ ನಾನು ಒಬ್ಬನೇ ಮಾಡ್ಕೊಂಡು ಬಂದಿದೀನಿ, ಒಂದು ದಿನ ರಜೆ ಹಾಕಿಲ್ಲ. ಮಧ್ಯೆ ನೀನು ಬಂದು ನುಗ್ಗಬೇಡ. ಇನ್ನೊಂದು ಸಲ ಕಳ್ಳ ಅಂದಿದ್ದು ಕೇಳಿಸಿದ್ರೆ ಟವೆಲ್ ಸಮೇತ ಹಿಂಡಿ ಒಣಗ್ಹಾಕ್ತೀನಿ. ನಡಿ!"

ಕಾರ್ಯದರ್ಶಿ ನಡೆದರು. ಎಕ್ಸ್‌ಪರ್ಟ್‌ನ ಕಣ್ಣು ತುಂಬಿತ್ತು. ಆದರೂ ಅವನು ಗಮನಿಸಿದ್ದ: ಮಾವ 'ಇವನು' ಎಂದಿದ್ದರು. ಅಳಿಯ ಎಂದಿರಲಿಲ್ಲ.

ಮಾವ ಮೇಜಿನ ಹತ್ತಿರ ಹೋಗಿ ಬಸ್ಸನ್ನು ನೋಡಿದರು. "ಹಾಳು ಮಾಡಿದೆಯಲ್ಲೋ," ಎಂದರು.

"ಒರೆಸ್ತೀನಿ ಮಾವ. ಹಸಿ ಇದೆ, ಹೋಗುತ್ತೆ."

"ಮುಟ್ಟಬೇಡ!"

ಬಸ್ಸನ್ನು ಕಿಟಕಿಯ ಬೆಳಕಿಗೆ ಒಯ್ದು ಹಿಂದಿನ ಚಕ್ರದ ಮೇಲಿನ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. "ಬಿಸ್ಕತ್ ಫ್ಯಾಕ್ಟರಿ ತಿರುವಲ್ಲಿ ಕೆಸರು ಹೀಗೇ ಹಾರ್ತಿತ್ತು," ಎಂದರು. "ಇಲ್ಲೇ. ಸರಿಯಾಗಿ ಇಲ್ಲೇ. ಎಷ್ಟು ತೊಳೆಸಿದ್ರೂ ಸಂಜೆಗೆ ಮತ್ತೆ ಹಾಗೇ. ಡಿಪೋದವರ ಜೊತೆ ಎಷ್ಟು ಜಗಳ ಆಡಿದೀನೋ." ಆಮೇಲೆ ತಿರುಗಿ, ಮೊದಲಿಗಿಂತ ಜೋರಾಗಿ ಗದರಿದರು: "ಏನು ನೋಡ್ತೀಯ? ಕೆಳಗಿನ ಅರ್ಧ ಸರಿಯಾಗಿ ಬಳಿ. ಆ ಚುಕ್ಕೆಗೆ ಕೈ ಹಾಕಿದ್ರೆ ಕೈ ಮುರೀತೀನಿ!"

ಭಾನುವಾರ ಎಕ್ಸ್‌ಪರ್ಟ್ ಬುರುಡೆಯ ನೀರು ಚೆಲ್ಲಿದ. ಸೂಜಿ ಒರೆಸಿದ. ಬಣ್ಣ ಹಾಲಿನಷ್ಟು ತೆಳು ಮಾಡಿದ. ಒಂದಾದ ಮೇಲೆ ಒಂದು. ಏರ್‌ಬ್ರಶ್ ಮಂಜಿನಂತೆ ಊದಿತು. ಸಂಜೆಗೆ ಮಾವ ಬಂದು, ಮೂರು ತಪ್ಪು ಹೇಳಿ, ಬಸ್ಸನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಡಿಪೋಗೆ ನಾನೇ ಒಯ್ಯುತ್ತೇನೆ, ಎಕ್ಸ್‌ಪರ್ಟ್ ಕೈಗೆ ಕೊಟ್ಟರೆ ದಾರಿಯಲ್ಲಿ ರಿಪೇರಿ ಮಾಡುತ್ತಾನೆ ಎಂದರು.

ಸೋಮವಾರ ಅವರು ಬಸ್ಸು ಹತ್ತಿದರು. ಡ್ರೈವರ್ ಹೊಸಬ. ಬ್ರೇಕನ್ನು ಜಿರಲೆ ತುಳಿದಂತೆ ತುಳಿಯುತ್ತಿದ್ದ. ಮಾವ ಕೂತಲ್ಲಿಂದಲೇ ಪಾಠ ಶುರುಮಾಡಿದರು. ಅವನು, "ಇಷ್ಟು ಗೊತ್ತಿದ್ರೆ ನೀವೇ ಓಡಿಸಿ ತಾತ," ಎಂದ. ತಾತ ಎಂಬ ಮಾತಿಗೆ ಮಾವ ಬಸ್ಸು ನಿಲ್ಲಿಸಿ, ಅವನ ಇಡೀ ವಂಶಕ್ಕೆ ಲೈಸೆನ್ಸ್ ಕೊಟ್ಟವರನ್ನು ಬೈದು, ಅಲ್ಲೇ ಇಳಿದು, ಡಿಪೋವರೆಗೆ ನಡೆದೇ ಬಂದರು. ಗೇಟಿನಲ್ಲಿ ಕೈ ಖಾಲಿ ಇರುವುದು ತಿಳಿಯಿತು. ಪೆಟ್ಟಿಗೆ ಸೀಟಿನ ಮೇಲೆ ಉಳಿದಿತ್ತು.

ಬಸ್ಸಿನಲ್ಲಿ ಮರೆತ ವಸ್ತು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು.

ನನ್ನ ಕನ್ನಡಕದ ಡಬ್ಬಿ ಕಳೆದಿದ್ದರಿಂದ ಆ ಬೆಳಿಗ್ಗೆ ಕೌಂಟರಿನ ಸಾಲಿನಲ್ಲಿ ನಾನೂ ಇದ್ದೆ. ಅಂಗಳದಲ್ಲಿ ಹಾರ ಹಾಕಿದ ಹಳೇ ಬಸ್ಸು, ಕುರ್ಚಿಗಳು, ಗಡಿಯಾರ ನೋಡುತ್ತಿರುವ ಮ್ಯಾನೇಜರ್, ಡಿಪೋದ ಅಷ್ಟೂ ಡ್ರೈವರ್ ಕಂಡಕ್ಟರುಗಳು. ಮಾವ ಸಾಲು ಮುರಿದು ಮುಂದೆ ಬಂದರು.

"ಕೊಡು."

"ಏನು ಬೇಕಿತ್ತು?" ಎಂದ ಎಕ್ಸ್‌ಪರ್ಟ್.

"ಕಣ್ಣು ಕಾಣಲ್ವಾ? ನಿನ್ನ ಹಿಂದೆ ಕಪಾಟಲ್ಲೇ ಇದೆ. ಬಸ್ಸು!"

"ಗುರುತು ಹೇಳಬೇಕಾಗುತ್ತೆ."

"ನನಗೇ? ನನಗೇ ಗುರುತು ಕೇಳ್ತೀಯಾ? ನೀನು ಚಡ್ಡಿ ಹಾಕೋದಕ್ಕೆ ಮುಂಚೆಯಿಂದ ನಾನು ಈ ಡಿಪೋದಲ್ಲಿ..."

"ನಿಮ್ಮ ಹಿಂದೆ ಜನ ಕಾಯ್ತಿದಾರೆ."

ಮಾವ ಹಲ್ಲು ಕಡಿದರು. ಮ್ಯಾನೇಜರ್ ಮೈಕ್ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಮೇಲೆ ಕೆನೆ ಬಣ್ಣ, ಕೆಳಗೆ ಇಟ್ಟಿಗೆ ಕೆಂಪು."

"ಒಂದಾಯ್ತು."

"ಹಿಂದಿನ ಬಲ ಚಕ್ರದ ಮೇಲೆ ಚುಕ್ಕೆ. ಕೆಸರು ಹಾರಿದ ಹಾಗೆ."

"ಎರಡಾಯ್ತು. ಇನ್ನೊಂದು. ಮಾಡಿದ್ದು ಯಾರು?"

ಮಾವ ಅವನನ್ನೇ ನೋಡಿದರು. ಕತ್ತಿನ ನರ ಉಬ್ಬಿತು. ಸಾಲೂ ಅಂಗಳವೂ ಇತ್ತ ತಿರುಗಿದವು.

"ನನ್ನ ಅಳಿಯ!" ಎಂದು ಅವರು ಕಿರುಚಿದರು.

ಹದಿನಾಲ್ಕನೇ ನಂಬರಿನ ಹಾರನ್ನಿನಷ್ಟು ಜೋರಾದ ಧ್ವನಿ ಅದು. ಶೆಡ್ಡಿನ ಮೇಲಿದ್ದ ಪಾರಿವಾಳಗಳು ಎದ್ದವು. ಹೊಸ ಕಂಡಕ್ಟರೊಬ್ಬ, "ಯಾರು, ಈ ಕೌಂಟರಿನವರಾ?" ಎಂದು ಪಕ್ಕದವನನ್ನು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಎಕ್ಸ್‌ಪರ್ಟ್ ಕಿವಿಯ ಹಿಂದೆ ಕೈಯಿಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿದ.

"ಸರಿಯಾಗಿ ಕೇಳಿಸಲಿಲ್ಲ ಮಾವ. ಇನ್ನೊಂದು ಸಲ ಹೇಳಿ."

ನಾನು ಗೋಡೆಯ ಮೇಲೆ ತೂಗುಹಾಕಿದ್ದ ಫಲಕವನ್ನು ಓದಿದೆ. ನಿಯಮ ಬದಲಾಗಿರಲಿಲ್ಲ. ಎರಡು ಗುರುತು ಸಾಕು.